ಟಿಕೆಟ್ ಬಾಗಿಲಲ್ಲೇ

'ರಸ್ಟಿ ಗೇಟ್ಸ್' ವಾದ್ಯತಂಡದವರು ಮೂವತ್ತು ವರ್ಷಗಳಲ್ಲಿ ಏಳು ಸಲ 'ಇಡೀ ಆಸ್ಟ್ರೇಲಿಯಾ' ಸುತ್ತಿದ್ದರು. ಏಳು ಸಲವೂ ಆ ದೇಶದ್ದೇ ಆದ ಟ್ಯಾಸ್ಮೇನಿಯಾ ದ್ವೀಪ ಅವರ ಕಣ್ಣಿಗೆ ಬೀಳಲಿಲ್ಲ. ಪಾಪ, ಅವರಾದರೂ ಏನು ಮಾಡಿಯಾರು? ಅವರು ಮಾರುತ್ತಿದ್ದ ಅಂಗಿಯ ಮೇಲಿನ ಭೂಪಟದಲ್ಲೇ ಈ ದ್ವೀಪ ಇರಲಿಲ್ಲ. ದ್ವೀಪದ ಬರ್ನಿ ಊರಿನ ನೆರಿಡಾ ಏಳು ಸಲವೂ ಸಮುದ್ರ ದಾಟಿ ಮೆಲ್ಬರ್ನ್‌ಗೆ ಹೋಗಿ ಹಾಡು ಕೇಳಿದಳು, ಹೋದಾಗಲೆಲ್ಲ ಒಂದು ಅಂಗಿ ತಂದಳು, ಭೂಪಟದ ಕೆಳಗೆ ಬಾಲ್‌ಪೆನ್ನಿನಲ್ಲಿ ತನ್ನ ದ್ವೀಪವನ್ನು ತಾನೇ ಬರೆದುಕೊಂಡಳು. ಒಗೆದರೆ ದ್ವೀಪ ಮಾಯವಾಗುತ್ತಿತ್ತು. ಮತ್ತೆ ಬರೆಯುತ್ತಿದ್ದಳು.

ಅವಳಿಗೆ ಆ ತಂಡದ ಹುಚ್ಚು ಹತ್ತಿಸಿದವನು ಅಣ್ಣ ಕ್ಲೈವ್. ಅವನು ಮಾತ್ರ ಒಮ್ಮೆಯೂ ಅವರನ್ನು ಕಣ್ಣಾರೆ ಕಂಡವನಲ್ಲ. "ಬರಬೇಕಾದವರು ಅವರು. ನಾನ್ಯಾಕೆ ಹೋಗ್ಲಿ?" ಎಂದು ಮೂವತ್ತು ವರ್ಷ ಬಿಗುಮಾನದಲ್ಲೇ ಕೂತ. ಈಗ ಬಿಗುಮಾನ ಬಿಟ್ಟರೂ ಹೋಗುವಂತಿರಲಿಲ್ಲ. ನಲವತ್ತು ವರ್ಷ ಸೇದಿದ ಸಿಗರೇಟು ಶ್ವಾಸಕೋಶವನ್ನು ತಿಂದುಹಾಕಿ, ಮೂಗಿಗೆ ಆಮ್ಲಜನಕದ ನಳಿಕೆ ಬಂದಿತ್ತು. ವಿಮಾನ, ಹಡಗು ಯಾವುದನ್ನೂ ಹತ್ತಕೂಡದು ಎಂದು ಡಾಕ್ಟರು ಅವನಿಗೇ ಹೇಳಿದ್ದರು. ಈ ಚಳಿಗಾಲ ದಾಟುವುದು ಕಷ್ಟ ಎಂಬುದನ್ನು ನೆರಿಡಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅಂಥ ಹೊತ್ತಿನಲ್ಲಿ ಮಹಾನುಭಾವರ ಕೃಪಾದೃಷ್ಟಿ ದ್ವೀಪದ ಮೇಲೆ ಬಿತ್ತು. ಅಲ್ಲಿ ಚಳಿ ಶುರುವಾಗುವ ಮೇ ತಿಂಗಳ ಒಂದು ಶನಿವಾರ, ಸಂಜೆ ಆರಕ್ಕೆ, ಬರ್ನಿಯ ಪುರಭವನದಲ್ಲಿ! ನೆರಿಡಾ ಅಂದೇ ಟಿಕೆಟ್ ಕೊಂಡಳು.

"ನಿನಗೂ ಒಂದು ತಗೊಳ್ಲಾ?"

"ತಗೊಂಡ್ರೆ ಹರಿದು ಹಾಕ್ತೀನಿ. ಮೊದ್ಲು ಅವ್ರು ಬರ್ಲಿ. ನನ್ನ ಟಿಕೆಟ್ ನಾನೇ ಬಾಗಿಲಲ್ಲಿ ತಗೋತೀನಿ," ಎಂದ ಕ್ಲೈವ್.

ಇದು ಅವನೊಬ್ಬನ ಹಟವಲ್ಲ, ಊರಿಗೂರೇ ಪಾಲಿಸುವ ವ್ರತ. ಹಿಂದೆ ಮೂರು ತಂಡಗಳು ಬರುತ್ತೇವೆಂದು ಹೇಳಿ ಕೈಕೊಟ್ಟಿದ್ದವು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬರ್ನಿ ಈಗ ಮಜ್ಜಿಗೆಯನ್ನೂ ಊದಿ ಕುಡಿಯುತ್ತಿತ್ತು. ಎರಡು ವಾರ ಉಳಿದಾಗ ಹೋಗಿದ್ದ ಟಿಕೆಟ್ಟುಗಳು ಮೂವತ್ತೆಂಟು.

ನೆರಿಡಾ ಮನೆಮನೆಗೆ ತಿರುಗಿದಳು. ಮಾಂಸದಂಗಡಿಯ ಡೂಗನ್ ಕತ್ತಿ ಮಸೆಯುತ್ತಲೇ ನಕ್ಕ.

"ಬರದೇ ಇರ್ತೀವಾ ಅಕ್ಕ? ನಾನು, ನನ್ನ ಹೆಂಡ್ತಿ, ನಾದಿನೀರು, ಎಲ್ಲಾ ಬರ್ತೀವಿ. ಬಾಗಿಲಲ್ಲೇ ತಗೋತೀವಿ."

"ಬಾಗಿಲು ತೆಗೀಬೇಕಂದ್ರೆ ಮೊದ್ಲು ಟಿಕೆಟ್ ಹೋಗ್ಬೇಕು ಕಣಯ್ಯಾ!"

"ಅವ್ರು ಮೊದ್ಲು ವಿಮಾನ ಇಳೀಲಿ. ನಾನು ಓಡಿಹೋಗ್ತೀನಾ? ಮೂವತ್ತು ವರ್ಷದಿಂದ ಇಲ್ಲೇ ಇದೀನಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳು ಮನೆಗೆ ಬಂದಳು.

ಇನ್ನು ನಾಲ್ಕು ದಿನವಿದೆ ಎನ್ನುವಾಗ ವ್ಯವಸ್ಥಾಪಕರ ಇಮೇಲ್ ಬಂತು. 'ಈ ಪ್ರದೇಶದ ಜನರಲ್ಲಿ ಸಂಗೀತಾಸಕ್ತಿ ಸಾಲದ ಕಾರಣ ಕಾರ್ಯಕ್ರಮ ರದ್ದಾಗಿದೆ.' ಆಸಕ್ತಿಯಿಲ್ಲ ಎಂಬ ಈ ಸುದ್ದಿಯನ್ನು ಅವರು ಕಳಿಸಿದ್ದು ಆಸಕ್ತಿಯಿಂದ ಟಿಕೆಟ್ ಕೊಂಡಿದ್ದ ಆ ಮೂವತ್ತೆಂಟು ಮಂದಿಗೆ ಮಾತ್ರ. ಉಳಿದವರ ವಿಳಾಸ ಅವರ ಹತ್ತಿರ ಎಲ್ಲಿರಬೇಕು?

ನೆರಿಡಾ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಊರಿನ ಮೇಲೆ ಎಂಥ ಸಿಟ್ಟು ಬಂತೆಂದರೆ, ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದಳು. ಬರಲಿ, ಬಂದು ಬೀಗ ನೋಡಲಿ! ಕ್ಲೈವ್‌ಗೆ ಮಾತ್ರ ಹೇಳಿದಳು. ಅವನು ಅಲುಗಾಡಲಿಲ್ಲ.

"ಬರ್ತೀವಿ ಅಂದಾಗ್ಲೇ ನಾನು ನಂಬ್ಲಿಲ್ಲ. ಈಗ ಬರಲ್ಲ ಅಂದ್ರೆ ನಂಬಬೇಕಾ? ಬಾಗಿಲಿಗೆ ಹೋಗಿ ನೋಡೋಣ. ನಿನ್ನ ಅಂಗಿ ಒಂದು ಕೊಡು."

ತಾನು ಜೋಪಾನ ಮಾಡಿದ್ದ ಅಂಗಿಯೊಂದರ ಮೇಲೆ ಅವಳು ದ್ವೀಪವನ್ನು ಹೊಸದಾಗಿ ಬರೆದು ಕೊಟ್ಟಳು. ಶನಿವಾರ ಐದೂವರೆಗೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಆಮ್ಲಜನಕದ ಸಿಲಿಂಡರನ್ನು ಹಿಂದೆ ನೇತುಹಾಕಿ ತಳ್ಳಿಕೊಂಡು ಹೋದಳು.

ಪುರಭವನದ ಮುಂದೆ ಕಾಲಿಡಲು ಜಾಗವಿರಲಿಲ್ಲ. ರದ್ದಾಯಿತೆಂದು ಉಳಿದ ಮೂವತ್ತೇಳು ಮಂದಿ ಹೇಳಿದ್ದನ್ನೂ ಊರು ನಂಬಿರಲಿಲ್ಲ. ಎಂಟುನೂರು ಜನರಿಗೆ ಕಡಿಮೆಯಿಲ್ಲ. ಡೂಗನ್ ಮಾಂಸದಂಗಡಿ ಮುಚ್ಚಿ, ನಾದಿನಿಯರ ದಂಡಿನೊಂದಿಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ಎಲ್ಲರ ಕೈಯಲ್ಲೂ ನೋಟು. ಬಾಗಿಲಿಗೆ ಬೀಗ, ಬೀಗದ ಮೇಲೊಂದು ಚೀಟಿ. ಮುಂದಿದ್ದವರು ಅದನ್ನು ಓದಿ ಹಿಂದಿದ್ದವರಿಗೆ ಹೇಳಿದರು. ಹಿಂದಿದ್ದವರು ಎಂದಿನಂತೆ ನಂಬಲಿಲ್ಲ.

"ನಾನು ಹೇಳಿರ್ಲಿಲ್ವಾ ಅಕ್ಕ?" ಎಂದು ಡೂಗನ್ ಕೂಗಿದ. "ಅವ್ರು ಬರಲ್ಲ ಅಂತ ನಂಗೆ ಗೊತ್ತಿತ್ತು! ಪುಣ್ಯಕ್ಕೆ ಟಿಕೆಟ್ ತಗೊಳ್ಲಿಲ್ಲ."

ಈ ಮುಖಗಳನ್ನು ನೋಡಿ ನಗಬೇಕೆಂದೇ ನೆರಿಡಾ ನಾಲ್ಕು ದಿನ ಬಾಯಿ ಕಟ್ಟಿಕೊಂಡಿದ್ದಳು. ನಗು ಬರಲಿಲ್ಲ.

ಕ್ಲೈವ್ ಕುರ್ಚಿಯಲ್ಲಿ ತಿರುಗಿ ಜನವನ್ನೆಲ್ಲ ಒಮ್ಮೆ ನೋಡಿದ, ಆಮೇಲೆ ಬೀಗವನ್ನು ನೋಡಿದ. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಬಿಗುಮಾನವಿರಲಿಲ್ಲ.

"ಹೌಸ್‌ಫುಲ್ ಕಣೇ ನೆರಿ," ಎಂದ. ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ನಾವೇ ತಪ್ಪು ಮಾಡಿದ್ವಿ. ಮುಂದಿನ ಸಲ ನಂಗೂ ಮೊದ್ಲೇ ತಗೊಂಡ್ಬಿಡು."

"ತಗೋತೀನಿ ಅಣ್ಣಾ," ಎಂದಳು ನೆರಿಡಾ, ಮತ್ತು ಅವನು ತನ್ನ ಮುಖ ನೋಡುವ ಮೊದಲೇ ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸಿದಳು.