ಎಡಗಡೆ ಟೈರಿನ ಗಾಳಿ

ಈರಬಸಪ್ಪ ಎಡಗಡೆಯ ಮುಂದಿನ ಟೈರಿಗೆ ಮತ್ತೆ ಗೇಜು ಒತ್ತಿದ. ಮುಳ್ಳು ಆಗಲೇ ನಿಂತಿದ್ದಲ್ಲೇ ನಿಂತಿತು. ಆದರೂ ಕಾಲುಪಂಪು ಹಚ್ಚಿ ತುಳಿದ. ಹೆಚ್ಚಾಯಿತೇನೋ ಅನ್ನಿಸಿ ಸ್ವಲ್ಪ ಗಾಳಿ ಬಿಟ್ಟ.

ಪುಷ್ಯಮಾಸದ ಬೆಳಗು. ಹೊಸದುರ್ಗದ ಬಸ್ ಸ್ಟ್ಯಾಂಡಿನ ಎದುರಿದ್ದ ಬೇವಿನ ಮರ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಅವನು ತನ್ನ ಬಾಡಿಗೆ ಕಾರಿನ ರೇಡಿಯೇಟರಿಗೆ ಬಿಸಿನೀರು ಹುಯ್ದಿದ್ದ, ಬ್ಯಾಟರಿಯ ತುದಿಗಳನ್ನು ಉಜ್ಜಿದ್ದ, ಮಂಜಿನಲ್ಲಿ ದಾರಿ ಕಾಣಲೆಂದು ಹೆಡ್‌ಲೈಟಿಗೆ ಹಳದಿ ಕಾಗದ ಅಂಟಿಸಿದ್ದ. ಇನ್ನು ಹೊರಡುವುದೊಂದೇ ಬಾಕಿ.

ಹಿಂದಿನ ಸೀಟಿನಲ್ಲಿ ಯಲ್ಲಕ್ಕ ಎದೆ ಹಿಡಿದುಕೊಂಡು ಒರಗಿದ್ದಳು. ಅವಳನ್ನು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಬೇಗ ಒಯ್ಯಿರಿ ಎಂದು ಇಲ್ಲಿನ ಡಾಕ್ಟರು ಹೇಳಿದ್ದರು. ಅವಳ ಗಂಡ, ಮತ್ತೋಡಿನ ಕಡೆಯ ಕುರಿಗಾಹಿ ಜುಂಜಯ್ಯ, ಕಾರಿನ ಬಾಗಿಲು ಹಿಡಿದು ನಿಂತಿದ್ದ.

"ಗಾಳಿ ನೋಡಿದ್ದೇ ನೋಡ್ತೀಯಲ್ಲಣ್ಣ. ಸಾಕು, ಹೋಗಾಣ."

"ಚಳಿಗೆ ಗಾಳಿ ಇಳೀತೈತೆ. ಟೈರು ತಣ್ಣಗಿದ್ದಾಗ್ಲೇ ನೋಡ್ಕಾಬೇಕು."

"ನೋಡಿದ್ಯಲ್ಲ."

ಹೋದ ವರ್ಷ ಇಂಥದೇ ಬೆಳಗಿನಲ್ಲಿ, ಹೊಳಲ್ಕೆರೆ ದಾಟಿದ ಮೇಲಿನ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂದಿತ್ತು. ಬ್ರೇಕು ಒತ್ತಿದಾಗ, ಗಾಳಿ ಕಡಿಮೆಯಿದ್ದ ಇದೇ ಚಕ್ರ ಕಾರನ್ನು ಎಡಕ್ಕೆಳೆದು, ಹಿಂಡಿನ ಪಕ್ಕದಲ್ಲಿದ್ದ ಜುಂಜಯ್ಯನ ಕಾಲು ಮುರಿದಿತ್ತು. ಅವನು ಈಗಲೂ ಕುಂಟುತ್ತಾನೆ. ಅಂದಿನಿಂದ ಮಂಜು ಬಿದ್ದ ದಿನ ಈರಬಸಪ್ಪ ಕಾರು ತೆಗೆದಿರಲಿಲ್ಲ.

"ನನ್ನ ಕಾರೇ ಯಾಕೆ ಕೇಳ್ದೆ ಜುಂಜಯ್ಯ?"

"ಓಬಳೇಶಪ್ಪನ ಕಾರು ಹಿರಿಯೂರಿಗೆ ಹೋಗೈತೆ. ಇನ್ಯಾರದೈತೆ ಈ ಊರಾಗೆ?"

ಈರಬಸಪ್ಪ ಗೇಜನ್ನು ಜೇಬಿಗೆ ಹಾಕಿಕೊಂಡು ಹತ್ತಿ ಕೂತ. ಜುಂಜಯ್ಯ ಹಿಂದೆ ಹೆಂಡತಿಯ ಪಕ್ಕ ಕೂತ.

ಹೊಳಲ್ಕೆರೆಯವರೆಗೆ ಹೇಗೋ ಬಂದರು. ಮುಂದೆ ಮಂಜು ಗೋಡೆಯಂತೆ ನಿಂತಿತ್ತು. ಆ ತಿರುವು ಹತ್ತಿರವಾದಂತೆ ಅವನು ವೇಗ ತಗ್ಗಿಸಿದ. ಕಾರು ಎಡಕ್ಕೆ ಎಳೆಯುತ್ತಿದೆ ಅನ್ನಿಸಿತು. ನಿಲ್ಲಿಸಿ, ಇಳಿದು, ಮತ್ತೆ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಜುಂಜಯ್ಯನೂ ಇಳಿದು ಬಂದ. "ಗಾಳಿ ಐತಾ?"

"ಐತೆ."

"ಮತ್ತೆ?"

"ಬಿಸಿಲು ಬರ್ಲಿ. ಒಂಚೂರು ತಡಿ."

"ಅವಳ ಉಸಿರು ಕೇಳಿಸ್ತೈತೋ ಇಲ್ವೋ ನಿಂಗೆ?"

ಕೇಳಿಸುತ್ತಿತ್ತು. ತೆರೆದ ಬಾಗಿಲಿನಿಂದ ಯಲ್ಲಕ್ಕನ ಉಸಿರು ಗರಗರ ಎನ್ನುತ್ತಿತ್ತು. ಈರಬಸಪ್ಪ ಏಳಲಿಲ್ಲ. ಜುಂಜಯ್ಯ ಕಾರಿನ ಮುಂದಕ್ಕೆ ಬಂದ.

"ನಾನು ಮುಂದೆ ನಡೀತೀನಿ. ನನ್ನ ನೋಡ್ಕೊಂಡು ಬಾ."

"ಬ್ಯಾಡ ಕಣಪ್ಪ. ಈ ಕಾರಿನ ಮುಂದೆ ನೀನು ಬ್ಯಾಡ."

ಜುಂಜಯ್ಯ ಆಗಲೇ ಹೊರಟಿದ್ದ. ಹಳದಿ ಬೆಳಕಿನಲ್ಲಿ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಹೆಜ್ಜೆಹೆಜ್ಜೆಗೂ ಒಂದು ಭುಜ ತಗ್ಗುತ್ತಿತ್ತು. ಈರಬಸಪ್ಪ ಓಡಿಬಂದು ಕೂತು ಗೇರು ಹಾಕಿದ. ಕಿಟಕಿಯ ಗಾಜು ಇಳಿಸಿದ. ಬಲಗಾಲು ಬ್ರೇಕಿನ ಮೇಲೇ ಇತ್ತು. ತಿರುವಿನಲ್ಲೂ ಜುಂಜಯ್ಯ ಹಿಂತಿರುಗಿ ನೋಡಲಿಲ್ಲ. ನಡುರಸ್ತೆಯಲ್ಲೇ ನಡೆದ.

"ಹತ್ರ ಹೋಗ್ಬ್ಯಾಡಪ್ಪ," ಎಂದಳು ಯಲ್ಲಕ್ಕ ಹಿಂದಿನಿಂದ.

"ಇಲ್ಲ ಕಣಮ್ಮ."

ತಿರುವು ದಾಟಿ ಏರು ಮುಗಿಯುವಲ್ಲಿ ಮಂಜು ತೆಳುವಾಗಿ, ರಸ್ತೆ ಉದ್ದಕ್ಕೂ ಕಾಣತೊಡಗಿತು. ಜುಂಜಯ್ಯ ಪಕ್ಕಕ್ಕೆ ಸರಿದು ನಿಂತ. ಈರಬಸಪ್ಪ ಕೈಚಾಚಿ ತನ್ನ ಪಕ್ಕದ ಸೀಟಿನ ಬಾಗಿಲು ತೆರೆದ. ಜುಂಜಯ್ಯ ಮೊದಲು ಕೂತು, ಆಮೇಲೆ ಮಡಚಲು ಬಾರದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡ. ಅದು ಪೂರ್ತಿ ಒಳಗೆ ಬರುವವರೆಗೆ ಈರಬಸಪ್ಪ ಕಾದ.