ಹಾಲಿನ ವ್ಯಾನ್ ಬರುವ ಹೊತ್ತು

ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಯೊಂದರ ಆಂಜಿನಪ್ಪ ಒಂದೂವರೆ ವರ್ಷ ನಿದ್ದೆಗೆಟ್ಟು ಕಂಪ್ಯೂಟರಿಗೆ ಡಾಕ್ಟರಿಕೆ ಕಲಿಸಿದ್ದ. ಕೀಲುನೋವಿನ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಅದು ರೋಗದ ಹೆಸರು ಹೇಳಬೇಕು. ೧೯೮೭ರ ಆ ಸೋಮವಾರ ವೈಟ್‌ಫೀಲ್ಡಿನ ಆಸ್ಪತ್ರೆಯಲ್ಲಿ ಅದಕ್ಕೆ ಪರೀಕ್ಷೆ. ಕೀಲುರೋಗದ ಡಾಕ್ಟರ್ ಈಶ್ವರಮ್ಮನವರ ಷರತ್ತು ಖಡಕ್ಕಾಗಿತ್ತು: ಹತ್ತು ರೋಗಿಗಳಲ್ಲಿ ಒಬ್ಬರದ್ದು ತಾವು ಮೊದಲೇ ರೋಗದ ಹೆಸರು ಬರೆದಿಟ್ಟ ಚೀಟಿಗೆ ತಾಳೆಯಾಗದಿದ್ದರೂ ಕಂಪ್ಯೂಟರ್ ಪೆಟ್ಟಿಗೆ ವಾಪಸ್.

ಒಂಬತ್ತು ತಾಳೆಯಾದವು. ಹತ್ತನೆಯವರು ಮಹದೇವಪುರದ ಪಿಳ್ಳಮ್ಮ, ಎರಡು ಹಸುಗಳ ಒಡತಿ. ಬೆಳಿಗ್ಗೆ ಎದ್ದಾಗ ಬೆರಳು ಎಷ್ಟು ಹೊತ್ತು ಬಿಗಿದಿರುತ್ತವೆ ಎಂದು ಕೇಳಿದ್ದಕ್ಕೆ ವಸಿ ಹೊತ್ತು ಎಂದರು. ಆಂಜಿನಪ್ಪ ಅರ್ಧ ಗಂಟೆ ಎಂದು ಒತ್ತಿದ. ಕೀಲು ಸವೆತ ಎಂದಿತು ಕಂಪ್ಯೂಟರ್. ಚೀಟಿಯಲ್ಲೂ ಅದೇ. ಹತ್ತಕ್ಕೆ ಹತ್ತು! ಅವನಿಗೆ ಕುಣಿಯುವುದೊಂದು ಬಾಕಿ.

ಪಿಳ್ಳಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಆಲಿನ್ ವ್ಯಾನ್ ಓಗೋಗಂಟ ಬೆಳ್ಳು ಮಡ್ಸಾಕಾಗಲ್ಲ ಕಣಪ್ಪ. ಈಗ ಸೊಸೇನೇ ಆಲ್ ಕರೀತಾಳೆ."

ಆಂಜಿನಪ್ಪ ಮನಸ್ಸಲ್ಲೇ ಲೆಕ್ಕ ಹಾಕಿದ. ಅವನೂ ಹಸು ಕಟ್ಟಿದ ಮನೆಯ ಮಗನೇ. ನಾಲ್ಕೂವರೆಗೆ ಏಳುವುದು, ಆರಕ್ಕೆ ವ್ಯಾನ್. ಅರ್ಧ ಗಂಟೆಯಲ್ಲ, ಒಂದೂವರೆ! ಅಷ್ಟು ಹೊತ್ತಿನ ಬಿಗಿತ ಸವೆತದ್ದಲ್ಲ, ಬೆರಳನ್ನೇ ತಿರುಚುವ ವಾತದ್ದು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಗೆದ್ದಾಗಿತ್ತು. ಆದರೆ ಈ ತಾಯಿ ಮುಲಾಮು ಹಚ್ಚಿಕೊಂಡು ಕೂತು, ಬೆರಳು ಸೊಟ್ಟಗಾದ ಮೇಲೆ ಬಂದರೆ? ಥತ್, ಯಾರಿಗೆ ಬೇಕು ಅಂಥ ಗೆಲುವು.

"ನಾನು ತಪ್ಪು ಒತ್ತಿದೆ ಮೇಡಂ. ಇನ್ನೊಂದ್ಸಲ ಹಾಕ್ತೀನಿ."

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ರುಮಟಾಯ್ಡ್ ಸಂಧಿವಾತ. ಚೀಟಿಗೆ ತಾಳೆಯಿಲ್ಲ. ಆಂಜಿನಪ್ಪ ಪೆಟ್ಟಿಗೆಯ ವೈರು ಕೀಳಲು ಬಗ್ಗಿದ.

ಈಶ್ವರಮ್ಮ ಪಿಳ್ಳಮ್ಮನ ಎರಡೂ ಕೈ ಹಿಡಿದು, ಬೆರಳ ಬುಡಗಳನ್ನು ಒಂದೊಂದಾಗಿ ಒತ್ತಿದರು. ಪಿಳ್ಳಮ್ಮ ಹಾ ಎಂದು ಕೈ ಎಳೆದುಕೊಂಡರು. ಡಾಕ್ಟರು ರಕ್ತಪರೀಕ್ಷೆಗೆ ಬರೆದು, ತಮ್ಮ ಚೀಟಿಯ ಮೇಲೆ ಅಡ್ಡ ಗೀಟು ಎಳೆದರು.

"ನಾನೂ ಅರ್ಧ ಗಂಟೆ ಅಂತಲೇ ಬರ್ಕೊಂಡಿದ್ದೆ ಆಂಜಿನಪ್ಪ. ಬೆರಳು ಕೆಡೋಕ್ ಮುಂಚೆ ರೋಗ ಸಿಕ್ತು. ವೈರು ಬಿಡಿ. ಆ ಪ್ರಶ್ನೆ ಬದಲಾಯಿಸಿ."

ಆಂಜಿನಪ್ಪನಿಗೆ ಕುರ್ಚಿ ಎಳೆದುಕೊಳ್ಳುವಷ್ಟೂ ತಾಳ್ಮೆ ಇರಲಿಲ್ಲ. ನಿಂತೇ ಗಂಟೆಯ ಲೆಕ್ಕ ಅಳಿಸಿ ಹೊಸದು ಟೈಪಿಸಿದ: ಹಾಲಿನ ವ್ಯಾನ್ ಬರುವ ಹೊತ್ತಿಗೆ ಬೆರಳು ಮಡಚುತ್ತವೆಯೇ?