ಹನ್ನೆರಡನೆಯ ಸಾಲು

'ಬಳೆ' ಎಂಬ ಸಾಲಿನ ಮುಂದೆ ಗುರುತು ಹಾಕಿದ ಮೇಲೆ ಸಿದ್ದರಾಮನಿಗೆ ಮಾಡಲು ಏನೂ ಉಳಿಯಲಿಲ್ಲ. ಬಸುರಿ ತಂಗಿ ಮೀನಾಳ ಕುಬಸದ ಹನ್ನೊಂದೂ ಸಾಲು ಮುಗಿದಿದ್ದವು. ಕಂಪ್ಯೂಟರಿನ ಒಂದು ಕೀಲಿ ಒತ್ತಿದ. ಹನ್ನೊಂದೂ ಮಡಚಿಕೊಂಡು ಒಂದೇ ಸಾಲಾದವು. ಅದರ ಮುಂದೆ ಒಂದು ಪ್ಲಸ್ ಗುರುತು. ಪ್ಲಸ್ ಇದ್ದರೆ ಒಳಗೆ ಏನೋ ಇದೆ ಎಂದು ಅರ್ಥ.

2004ರ ಆ ಭಾನುವಾರದ ಹೊತ್ತಿಗೆ ಅವನ ಬದುಕೆಲ್ಲ ಕಂಪ್ಯೂಟರಿನ ಒಂದು ಸಾದಾ ಫೈಲಿನಲ್ಲಿತ್ತು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದ. ಕೆಲಸದ ಕೆಳಗೆ ಕೆಲಸ, ಅದರ ಕೆಳಗೆ ಇನ್ನೂ ಸಣ್ಣ ಕೆಲಸ. ಬೈಲಹೊಂಗಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಇದು ಸರಿಯೆನಿಸಿತ್ತು. ಎಂಥ ಕಷ್ಟವೂ ನಾಲ್ಕನೆಯ ಹಂತಕ್ಕೆ ಇಳಿಯುವಷ್ಟರಲ್ಲಿ ಕಷ್ಟವಾಗಿ ಉಳಿಯುತ್ತಿರಲಿಲ್ಲ. 'ಮದುವೆ'ಯ ಕೆಳಗೆ ಇಪ್ಪತ್ತಾರು ಸಾಲುಗಳಿದ್ದವು. ಮೂವತ್ತೆಂಟು ವರ್ಷ ತುಂಬಿದ ದಿನ ಅದನ್ನು ಮಡಚಿಟ್ಟಿದ್ದ.

ನೀರು ಕುಡಿಯಲು ಎದ್ದವನು ಬಾಗಿಲಿಗೆ ಬಂದ. ಮನೆಯೊಡತಿ ರಾಯವ್ವ ಕಟ್ಟೆಯ ಮೇಲೆ ಹೊಸ ಸೀರೆ ಉಟ್ಟು ಕುಳಿತಿದ್ದಳು. ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಎಲ್ಲಿಗೋ ಹೊರಟಿರಬೇಕು ಎಂದುಕೊಂಡ. ಅವಳು ನಕ್ಕಳು. ಅವನೂ ನಕ್ಕು ಒಳಗೆ ಬಂದ.

ಒಂದು ಗಂಟೆಗೆ ಫೋನು ಬಂತು. ಮನೋಳಿಯಿಂದ ತಂಗಿ ಮೀನಾ. ಅವಳ ದನಿ ಸಣ್ಣದಾಗಿತ್ತು, ಯಾರೋ ಹತ್ತಿರ ನಿಂತಂತೆ.

"ಅಣ್ಣಾ, ಅತ್ತಿಯವರು ಕೇಳಾಕ ಹತ್ಯಾರ."

"ಏನಂತ?"

"ತವರಮನಿಯವರು ಎಲ್ಲೀತನಾ ಬಂದ್ರು ಅಂತ."

"ಸೀರಿ ತಂದೇನಿ. ರಾಮದುರ್ಗದ್ದು. ಹಸರ."

"ತಂದೀ, ಖರೆ. ಎಲ್ಲೈತಿ?"

ಅವನು ಕಪಾಟಿನ ಕಡೆ ನೋಡಿದ. "ಇಲ್ಲೇ ಐತಿ."

ಆ ಕಡೆ ಹೆಂಗಸರ ಗದ್ದಲ ಕೇಳುತ್ತಿತ್ತು. "ನಾಕೂವರಿಗೆ ರಾಹುಕಾಲ ಹತ್ತತೈತಿ. ಅದರೊಳಗ ಉಡಿ ತುಂಬಬೇಕು. ಬರತೀಯಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೀನಾ ಫೋನಿಟ್ಟಳು.

ಅವಳಿಗೆ ಏಳು ತಿಂಗಳು. ಚೊಚ್ಚಲು. ತವರಿನ ಸೀರೆ, ತವರಿನ ಬಳೆ, ತವರಿನ ಬುತ್ತಿ ಬಾರದೆ ಅವಳನ್ನು ಮಣೆಯ ಮೇಲೆ ಕೂಡಿಸುವಂತಿಲ್ಲ. ಅಪ್ಪ, ಅವ್ವ ತೀರಿದ ಮೇಲೆ ತವರು ಎಂದರೆ ಅವನೊಬ್ಬನೇ.

ಸಿದ್ದರಾಮ ಪ್ಲಸ್ಸನ್ನು ಬಿಡಿಸಿ ನೋಡಿದ. ದಿನ ಕೇಳುವುದು. ಸೀರೆ. ಬಳೆಯ ಅಳತೆ. ಕೊಬ್ಬರಿ. ಬುತ್ತಿ ಮಾಡಲು, ಉಡಿ ತುಂಬಲು ರಾಯವ್ವನಿಗೆ ಹೇಳುವುದು. ಎಲ್ಲದರ ಮುಂದೆಯೂ ಗುರುತಿತ್ತು. 'ಹೋಗುವುದು' ಎಂಬ ಸಾಲು ಮಾತ್ರ ಇರಲಿಲ್ಲ.

ಸೀರೆ, ಬಳೆಯ ಚೀಲ ಹಿಡಿದು ಕಟ್ಟೆಗೆ ಬಂದ. "ರಾಯವ್ವಾರ, ನೀವು ತಯಾರಾಗಿ ಎಷ್ಟೊತ್ತಾತು?"

"ಎಂಟಕ್ಕ ಆಗೇನ್ರಿ ಸರ. ನೀವು ಕರೀತೀರಿ ಅಂತ ಕುಂತೇನಿ. ನಾಕು ಸಲ ಬಾಗಲಕ್ಕ ಬಂದ್ರಿ, ನಾಕೂ ಸಲ ನಕ್ಕು ಒಳಗ ಹೋದ್ರಿ."

"ಕೇಳಬೇಕಿತ್ತು ನೀವು."

"ಲೆಕ್ಚರರಿಗೆ ನಾ ಏನ ಕೇಳ್ಲಿ? ದಿನಾ ಬರಕೋತ ಕುಂಡರತೀರಿ, ಬರದಿದ್ದೀರಿ ಅಂತ ತಿಳದ್ನಿ." ಬುಟ್ಟಿಯ ಬಟ್ಟೆ ಸರಿಪಡಿಸಿದಳು. "ಮುರಗೋಡದ ಮ್ಯಾಲೆ ಹೋಗೂ ಬಸ್ಸು ಎರಡಕ್ಕೈತಿ. ನಡೀರಿ."

ಅವನು ಚಪ್ಪಲಿ ಮೆಟ್ಟಿ ಪಟ್ಟಿ ಬಿಗಿದ. ಎರಡು ಹೆಜ್ಜೆ ನಡೆದು ನಿಂತ. "ಒಂದ ನಿಮಿಷ" ಎಂದು ಚೀಲವನ್ನು ಅವಳ ಬಳಿ ಇಟ್ಟು, ಚಪ್ಪಲಿಯಲ್ಲೇ ಒಳಗೆ ಬಂದು ಕುಳಿತ.

ಹನ್ನೆರಡನೆಯ ಸಾಲು ಬರೆದ: ಹೋಗುವುದು. ಬರೆದ ಕೂಡಲೇ ಮುಗಿದಿದ್ದ ಕುಬಸ ಮುಗಿಯದ್ದಾಯಿತು. ಅದು ಅವನಿಗೆ ಸರಿಬರಲಿಲ್ಲ. ಸಾಲನ್ನು ಕಿತ್ತು 'ಪ್ರಯಾಣ'ದ ಕೆಳಗೆ ಇಟ್ಟ. ಅಲ್ಲಿ ಅದು ತಂಗಿಯದೆನಿಸಲಿಲ್ಲ. ಮತ್ತೆ ತಂದು ಮೊದಲಿನ ಜಾಗದಲ್ಲೇ ಇಟ್ಟ. ಅದರ ಕೆಳಗೆ, ಒಂದು ಹಂತ ಒಳಗೆ, 'ಬಸ್ಸು' ಎಂದು ಬರೆದು ಉಳಿಸಿದ. ಕರೆಂಟ್ ಹೋಯಿತು.

"ಸರ, ಹೊತ್ತಾತ್ರಿ," ರಾಯವ್ವ ಬಾಗಿಲಿಗೆ ಬಂದಳು.

"ಕರೆಂಟ್ ಬರ್ಲಿ."

"ಬಸ್ಸಿಗೆ ಕರೆಂಟ್ ಬೇಕೇನ್ರಿ?"

ಕಪ್ಪು ಪರದೆಯಲ್ಲಿ ಅವನ ಮುಖವಿತ್ತು. ಮುಖದ ಹಿಂದೆ ಬಾಗಿಲು, ಬಾಗಿಲಲ್ಲಿ ಬುಟ್ಟಿ ಹೊತ್ತು ಚೀಲ ಹಿಡಿದ ರಾಯವ್ವ. ಸ್ವಲ್ಪ ಹೊತ್ತಿಗೆ ಬಾಗಿಲು ಮಾತ್ರ ಉಳಿಯಿತು. ಎದ್ದು ಹೋದರೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಗುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಹೊಡೆಯುವವರೆಗೂ ಗೊತ್ತಿತ್ತು.

ನಾಲ್ಕಕ್ಕೆ ಕರೆಂಟ್ ಬಂತು. ಸಾಲುಗಳು ಇದ್ದಲ್ಲೇ ಇದ್ದವು. ಸ್ವಲ್ಪ ಹೊತ್ತಿಗೆ ಫೋನೂ ಬಂತು.

"ಎಲ್ಲಾ ಆತಣ್ಣಾ," ಎಂದಳು ಮೀನಾ. "ರಾಯವ್ವಾರು ಬಂದು ಉಡಿ ತುಂಬಿದ್ರು. ನಿಮ್ಮ ದೊಡ್ಡವ್ವ ಏನು ಅಂತ ಅತ್ತಿಯವರು ಕೇಳಿದ್ರು. ಹೌದಂದ್ನಿ."

"ನನ್ನ ಕೇಳಲಿಲ್ಲೇನು?"

"ಕೇಳಿದ್ರು. ಅಣ್ಣಗ ಆರಾಮಿಲ್ಲ ಅಂದ್ನಿ." ದನಿ ಇಳಿಸಿದಳು. "ಆರಾಮ ಅದೀಯಲ್ಲ?"

"ಅದೇನಿ."

"ಬಳಿ ಬರೋಬ್ಬರಿ ಆಗ್ಯಾವ."

"ಅಳತಿ ಬರಕೊಂಡಿದ್ನೆಲ್ಲ."

"ಹೂಂ," ಎಂದು ಅವಳು ಫೋನಿಟ್ಟಳು.

ಸಿದ್ದರಾಮ 'ಬಸ್ಸು' ಸಾಲಿನ ಮುಂದೆ ಗುರುತು ಹಾಕಿದ. 'ಹೋಗುವುದು' ಸಾಲಿನ ಮುಂದೆ ಹಾಕಿದ. ಯಾರು ಹೋಗುವುದು ಎಂದು ಅಲ್ಲಿ ಬರೆದಿರಲಿಲ್ಲ. ಕೀಲಿ ಒತ್ತಿದ. ಎಲ್ಲ ಮಡಚಿಕೊಂಡಿತು.

ಕಟ್ಟೆಯ ಮೇಲೆ ಬುಟ್ಟಿಯಿದ್ದ ಜಾಗದಿಂದ ಇರುವೆಗಳು ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದವು. ಬುತ್ತಿಯ ಶೇಂಗಾ ಹೋಳಿಗೆಯ ಪುಡಿ ಹೊತ್ತು, ಒಂದರ ಹಿಂದೆ ಒಂದು. ಮೇಜಿನ ಕೆಳಗೆ, ಪಟ್ಟಿ ಬಿಗಿದ ಚಪ್ಪಲಿಯ ಹತ್ತಿರ ಎಲ್ಲಕ್ಕೂ ಮುಂದಿದ್ದ ಇರುವೆ ನಿಂತಿತು. ಕಾಲು ಅಲುಗಲಿಲ್ಲ. ಇರುವೆ ಅದನ್ನು ಬಳಸಿಕೊಂಡು ಹೋಯಿತು. ಹಿಂದಿನವೂ ಹಾಗೆಯೇ ಬಳಸಿಕೊಂಡು ಹೋದವು.